ಗೋಡೆಯ ಮೇಲಿನ ತುರ್ಕಿ ಪದ

ಮುದ್ದೇಬಿಹಾಳದ ಕೈಮಗ್ಗದ ಶೆಡ್ಡು. ಬೆಳಿಗ್ಗೆ ಮಾಲೀಕ ಶಂಕರೆಪ್ಪ ಬೀಗ ತೆಗೆದ. ಮೊದಲು ಒಳಹೊಕ್ಕ ನೇಕಾರ್ತಿ ಸಿದ್ದಲಿಂಗವ್ವ ಚೀರಿದಳು.

ಆರೂ ಮಗ್ಗಗಳ ಹಾಸು ಕತ್ತರಿಸಲಾಗಿತ್ತು. ಉದ್ದಕ್ಕೆ ಬಿಗಿದಿದ್ದ ಸಾವಿರಾರು ಎಳೆಗಳು ಜೋತುಬಿದ್ದಿದ್ದವು. ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದ: ಅತ್ಕಿ.

ಪಿಎಸ್ಐ ಭಾಗ್ಯಜ್ಯೋತಿ ಬೀಗ ನೋಡಿದರು. ಮುರಿದಿರಲಿಲ್ಲ.

"ಕೀಲಿಕೈ ಯಾರ್‍ಯಾರ ಕಡೆ ಅದಾವ್ರಿ?"

"ನನ್ನ ಕಡೆ, ಮ್ಯಾನೇಜರ್ ಕಲ್ಮೇಶನ ಕಡೆ," ಎಂದ ಶಂಕರೆಪ್ಪ. "ಮತ್ತ ಆ ತರನ್ನುಮಳ ಕಡೆ. ಕೆಲಸ ಬಿಟ್ಟು ಹದಿನೈದು ದಿನ ಆತು, ವಾಪಸ್ ಕೊಟ್ಟಿಲ್ಲ. ಗೋಡಿ ಮ್ಯಾಲಿಂದು ತುರ್ಕಿ ಪದ ಇದ್ದಂಗೈತಿ, ಆ ಮಾತು ಬರೂದು ಆಕಿಗಷ್ಟ."

ಇಲ್ಲಿನ ಬಟ್ಟೆ ಇಸ್ತಾಂಬುಲ್‌ಗೆ ಹೋಗುತ್ತಿತ್ತು. ಅದಕ್ಕೆಂದೇ ಕೆಲಸಕ್ಕೆ ಸೇರಿದ್ದ ಅನುವಾದಕಿ ತರನ್ನುಮ ನೇಯ್ಗೆಯ ಪದಗಳನ್ನು ಇಂಗ್ಲಿಷ್, ತುರ್ಕಿ ಎರಡರಲ್ಲೂ ಪಟ್ಟಿ ಮಾಡಿದ್ದಳು. ಅದರ ಮೇಲೆ ಅವಳ ಹೆಸರು ಹಾಕಲು ಶಂಕರೆಪ್ಪ ಒಪ್ಪಲಿಲ್ಲ. ಜಗಳವಾಗಿತ್ತು.

"ಹೋಗೂವಾಗ 'ನೋಡ್ಕೋತೇನಿ' ಅಂದಿದ್ಲ್ರಿ," ಎಂದ ಶಂಕರೆಪ್ಪ.

ಭಾಗ್ಯಜ್ಯೋತಿ ಕಲ್ಮೇಶನತ್ತ ತಿರುಗಿದರು. "ನಿಮಗ ತುರ್ಕಿ?"

"ಒಂದಕ್ಷರಾನೂ ಬರಂಗಿಲ್ರಿ ಮೇಡಂ."

ಭಾಗ್ಯಜ್ಯೋತಿ ಮೊಬೈಲಿನಲ್ಲಿ ಹುಡುಕಿದರು. 'ಶಾಲು' ಎಂದು ಬಂತು. ತಲೆಬುಡ ತಿಳಿಯಲಿಲ್ಲ.

* * *

ಬಸವನ ಬಾಗೇವಾಡಿಯ ಮನೆಯಲ್ಲಿ ತರನ್ನುಮ ಮೊದಲು ಕೀಲಿಕೈ ತಂದುಕೊಟ್ಟಳು. ಆಮೇಲೆ ಫೋಟೊ ನೋಡಿದಳು.

"ಸಿಟ್ಟು ಐತ್ರಿ. ಶಂಕರೆಪ್ಪನವರ ಧಂದೆ ಮುಳುಗ್ಲಿ ಅಂತ ಬೇಡ್ಕೊಂಡೇನಿ. ಆದ್ರ ಸಿದ್ದಲಿಂಗವ್ವನ ಮಗ್ಗಕ್ಕ ಕತ್ತರಿ ಹಾಕಂಗಿಲ್ಲ."

"ಅತ್ಕಿ ಅಂದ್ರ ಶಾಲು ಏನು?"

"ಶಾಲೂ ಹೌದ್ರಿ. ಆದ್ರ ನೇಯೂವ್ರಿಗೆ ಅದು ಹೊಕ್ಕು. ಅಡ್ಡ ಎಳಿ, ಇಂಗ್ಲಿಷಿನ ವೆಫ್ಟ್. ಹಾಸು ಅಂದ್ರ ವಾರ್ಪ್, ತುರ್ಕಿಯೊಳಗ ಚೋಜ್ಗು. ಕತ್ತರಿಸಿದ್ದು ಹಾಸು, ಬರದದ್ದು ಹೊಕ್ಕು! ನಾನು ಹಂಗ ಬರೀತೇನೇನ್ರಿ?"

ತಟ್ಟನೆ ಅವಳ ಮುಖ ಬದಲಾಯಿತು.

"ಮೊದಲನೇ ಕರಡಿನ್ಯಾಗ ಈ ಎರಡು ಪದ ಅದಲು ಬದಲಾಗಿದ್ವು. ಆಮ್ಯಾಲ ತಿದ್ದೇನಿ. ಆ ತಪ್ಪು ಹಾಳಿ ಒಬ್ರ ಕಡೆನ ಐತಿ. ಗುಟ್ಟಾಗಿ ಕೇಳಿ ಇಸ್ಕೊಂಡಿದ್ರು."

"ಜೀಪು ಹತ್ತವಾ," ಎಂದರು ಭಾಗ್ಯಜ್ಯೋತಿ.

* * *

ಶೆಡ್ಡಿನಲ್ಲಿ ಎಲ್ಲರೂ ಸೇರಿದರು.

"ಗೋಡಿ ಮ್ಯಾಲ ಬರದದ್ದು ಹೊಕ್ಕು ಅಂತಾಳ ತರನ್ನುಮ," ಎಂದರು ಭಾಗ್ಯಜ್ಯೋತಿ.

"ಸುಳ್ಳು ಹೇಳ್ಯಾಳ್ರಿ ಆಕಿ!" ಕಲ್ಮೇಶ ಮುಂದೆ ಬಂದ. "ಅತ್ಕಿ ಅಂದ್ರ ಹಾಸು!"

ಭಾಗ್ಯಜ್ಯೋತಿ ಅವನತ್ತ ತಿರುಗಿದರು.

"ತುರ್ಕಿ ಒಂದಕ್ಷರಾನೂ ಬರಂಗಿಲ್ಲ ಅಂದಿದ್ರಿ. ಹಾಸನ್ನ ಅತ್ಕಿ ಅಂತ ಬರದ ಹಾಳಿ ಊರಾಗ ಒಂದ ಐತಿ, ಅದು ನಿಮ್ಮ ಕಡೆ. ಕೀಲಿಕೈನೂ ಐತಿ. ಹಾಸು ಕತ್ತರಿಸಿ, ಹಾಳ್ಯಾಗಿನ ಪದಾನ ಗೋಡಿಗೆ ಬರದ್ರಿ. ಆರೋಪ ಈಕಿ ಮ್ಯಾಲ ಬರ್ಲಿ ಅಂತ."

ಕಲ್ಮೇಶ ಶಂಕರೆಪ್ಪನನ್ನು ದಿಟ್ಟಿಸಿದ.

"ಹತ್ತು ವರ್ಷ ವ್ಯಾಪಾರಿಗಳ ಕೂಡ ಮಾತಾಡಿದಾಂವ ನಾನು. ಈಕಿ ಬಂದ ದಿನ ಎಲ್ಲಾರ ಮುಂದ 'ಏಳಲೇ, ತಿಳದವ್ರು ಕುಂದರ್ಲಿ' ಅಂತ ಖುರ್ಚಿ ಬಿಡಿಸಿದ್ರಿ. ಅದಕ್ಕ ಗುಟ್ಟಾಗಿ ಕಲ್ಯಾಕತ್ತಿದ್ದೆ. ಅದೂ ತಪ್ಪು ಹಾಳಿ! ಮಗ್ಗ ಮತ್ತ ಹೂಡಬಹುದು. ಹೋದ ಮಾನ?"

"ನನ್ನ ಮೂರು ವಾರದ ದುಡಿಮಿ ನಿನಗೇನು ಮಾಡಿತ್ತೋ?" ಎಂದಳು ಸಿದ್ದಲಿಂಗವ್ವ. ಕಲ್ಮೇಶ ತಲೆ ತಗ್ಗಿಸಿದ. ಪೇದೆ ಅವನ ತೋಳು ಹಿಡಿದ.

ಶಂಕರೆಪ್ಪ ಕೈಮುಗಿದ. "ತಪ್ಪಾತವಾ ತರನ್ನುಮ. ಪಟ್ಟಿ ಮ್ಯಾಲ ನಿನ್ನ ಹೆಸರು ಹಾಕ್ತೇನಿ. ನಾಳಿಂದ ಬಾ."

"ಕೆಲಸಕ್ಕ ಬರಂಗಿಲ್ರಿ," ಎಂದಳು ತರನ್ನುಮ. "ಕೋರ್ಟಿಗೆ ಬರ್ತೇನಿ. ಕಲ್ಮೇಶಣ್ಣ ಮಾಡಿದ್ದೂ ಹೇಳ್ತೇನಿ, ನೀವು ಅವಗ ಮಾಡಿದ್ದೂ ಹೇಳ್ತೇನಿ."