ನಲವತ್ತನೆಯ ಪೊಟ್ಟಣ

ಹಗ್ಗ ಮೇಲಕ್ಕೆ ಹೋಯಿತು.

ನಾನು ಕೆಳಗೇ ಉಳಿದೆ. ಹನ್ನೆರಡು ಅಡಿ ಆಳ. ರಾಗಿ ಹೂತಿಡುವ ಹಗೇವು, ತೂಬಗೆರೆಯ ಮುತ್ಯಾಲಮ್ಮನ ಹಿತ್ತಲಿನದು. ಮೇಲೆ ಒಬ್ಬ ಮನುಷ್ಯ ಮಾತ್ರ ತೂರುವಷ್ಟು ಬಾಯಿ. ಆ ಬಾಯಲ್ಲಿ ಬೈರಣ್ಣನ ಮುಖ.

"ಕನ್ನಡಕ ಸಿಕ್ತಾ, ಪಿಳ್ಳಣ್ಣ?"

"ಸಿಕ್ತು. ಹಗ್ಗ ಬಿಡು."

"ಬಿಡ್ತೀನಿ. ಮೊದ್ಲು ಮಾತಾಡಾಣ."

ಬಾಯಿ ಮುಚ್ಚುವ ಚಪ್ಪಡಿ ಕಲ್ಲು ಒಂದು ಗೇಣು ಸರಿಯಿತು. ಬೆಳಕು ಅರ್ಧವಾಯಿತು.

ನೀವೇ ಕೇಳಿದಿರಿ, ಹೇಳುತ್ತೇನೆ. ಅದು ಅರವತ್ತೊಂಬತ್ತನೇ ಇಸವಿ. ನಾನು ಯೂನಿವರ್ಸಿಟಿಯ ಫೀಲ್ಡ್ ಮ್ಯಾನ್. ಅಂದರೆ ಜೀಪು ಓಡಿಸುವುದು, ಊರವರನ್ನು ಒಪ್ಪಿಸುವುದು, ತೊಡಕಾದರೆ ಬಿಡಿಸುವುದು. ಆಂಧ್ರ, ಮದ್ರಾಸಿನ ಎರಡು ಕಾಲೇಜುಗಳನ್ನು ಸೇರಿಸಿಕೊಂಡು ನಮ್ಮವರು ಅಮೆರಿಕದ ಒಂದು ಯೂನಿವರ್ಸಿಟಿಯ ಜೊತೆ ಸಂಶೋಧನೆಯ ಒಪ್ಪಂದಕ್ಕೆ ಓಡಾಡುತ್ತಿದ್ದರು. ಅವರು ಮೈಕ್ರೋಸ್ಕೋಪು ಕೊಡುತ್ತಾರೆ, ವರ್ಷಕ್ಕೊಬ್ಬ ಪ್ರೊಫೆಸರನ್ನು ಕಳಿಸುತ್ತಾರೆ. ನಾವು ಹಳೆಯ ರಾಗಿ ತಳಿಗಳನ್ನು ಕೊಡಬೇಕು, ನಲವತ್ತು ಪೊಟ್ಟಣ. ಮೂವತ್ತೊಂಬತ್ತು ಸಿದ್ಧವಿದ್ದವು. ನಲವತ್ತನೆಯದು, ಬೇರೆಲ್ಲೂ ಉಳಿಯದ ಕರಿರಾಗಿ, ಈ ಹಗೇವಿನಲ್ಲಿ ಆರು ವರ್ಷದಿಂದ ಮುಚ್ಚಿಕೊಂಡು ಕೂತಿತ್ತು.

ಅದನ್ನು ತರಲು ಎಂಟು ದಿನದ ಹಿಂದೆ ಇಳಿದವನು ರಿಸರ್ಚ್ ವಿದ್ಯಾರ್ಥಿ ನರಸಿಂಹಯ್ಯ. ಬೈರಣ್ಣನ ತಮ್ಮ.

ಹೆಣವಾಗಿ ಮೇಲೆ ಬಂದ. ಕೈಯಲ್ಲಿದ್ದ ಪೊಟ್ಟಣ ತುಂಬಿತ್ತು.

ಡೀನ್ ದೊಡ್ಡಮುನಿಯಪ್ಪನವರು ನನಗೆ ಟೈಪಾದ ಹಾಳೆಯೊಂದನ್ನು ಕೊಟ್ಟರು. ಹುಡುಗನಿಗೆ ಮೊದಲಿನಿಂದಲೂ ಹೃದ್ರೋಗವಿತ್ತು ಎಂದು ಅದರಲ್ಲಿತ್ತು. ಮನೆಯವರ ಸಹಿ ಬೇಕು. ಇವತ್ತು ನಾಲ್ಕು ಗಂಟೆಗೆ ಅಮೆರಿಕದ ಪ್ರೊಫೆಸರ್ ಬರುತ್ತಾರೆ. ಸಾವಿನ ಬಗ್ಗೆ ಮನೆಯವರ ಪತ್ರವಿಲ್ಲದೆ ಅವರು ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ.

ಬೈರಣ್ಣ ಹಾಳೆ ಓದಿದ. "ತಮ್ಮನ ಕನ್ನಡಕ ಹಗೇವಿನಾಗೇ ಐತೆ. ತಂದ್ಕೊಡು, ಸೈನ್ ಹಾಕ್ತೀನಿ" ಅಂದ.

ಎಂಟು ದಿನದಿಂದ ಬಾಯಿ ತೆರೆದೇ ಇದ್ದ ಹಗೇವಿಗೆ ಹಾಗೆ ಇಳಿದವನು ನಾನು.

"ಅವನಿಗೆ ಎದೆ ಕಾಯಿಲೆ ಇತ್ತಾ?"

"ಇರ್ಲಿಲ್ಲ."

"ಒಳಗೆ ಕೆಟ್ಟಗಾಳಿ ಇರ್ತದೆ, ಲಾಟೀನು ಇಳಿಸಿ ನೋಡಿ, ಆರಿದ್ರೆ ಇಳೀಬೇಡಿ ಅಂತ ಮುತ್ಯಾಲಮ್ಮ ಹೇಳಿದ್ಲಾ?"

"ಹೇಳಿದ್ರು."

"ಮತ್ತೆ, ಇಳಿ ಅಂದೋನು ಯಾವನು?"

ನಾನು ಕನ್ನಡಕವನ್ನು ಜೇಬಿಗಿಟ್ಟೆ. ಕಲ್ಲು ಇನ್ನೊಂದು ಗೇಣು ಸರಿಯಿತು.

ಗೋಡೆಗೆ ಕೈಯೂರಿದೆ. ಮಣ್ಣಿನಲ್ಲಿ ಉಗುರಿನ ಗೀರುಗಳು. ನಾಲ್ಕು, ಒಂದರ ಪಕ್ಕ ಒಂದು. ನನ್ನ ಬೆರಳುಗಳು ಅವುಗಳಲ್ಲಿ ಸರಿಯಾಗಿ ಕೂತವು...

ಅವತ್ತು ಇಲ್ಲಿಂದ ನರಸಿಂಹಯ್ಯ ನನ್ನನ್ನು ಕೂಗಿದ ದನಿ ಮತ್ತೆ ಕೇಳಿತು. ಎಂಟು ದಿನದಿಂದ ಜೀಪಿನಲ್ಲಿ, ಊಟದ ತಟ್ಟೆಯ ಮುಂದೆ, ಎಲ್ಲೆಂದರಲ್ಲಿ ಕೇಳುತ್ತಿದ್ದ ದನಿ.

"ಅಣ್ಣಾ, ತಲೆ ಸುತ್ತುತ್ತಾ ಐತೆ..."

ನಾನು ವಾಚು ನೋಡಿಕೊಂಡು ಅಂದಿದ್ದೆ, "ಪೊಟ್ಟಣ ತುಂಬಿಸ್ಕೊಂಡೇ ಬಾರೋ."

"ನಾನೇ" ಅಂದೆ. "ನಾನೇ ಇಳಿ ಅಂದೆ."

ಕಲ್ಲು ಹಿಂದಕ್ಕೆ ಸರಿಯಿತು.

ಆಮೇಲೆ ಹಗ್ಗ ಬಂತು.

ಬೈರಣ್ಣ ಹೊಡೆಯಲಿಲ್ಲ. ಕನ್ನಡಕ ಇಸಕೊಂಡ. ಟೈಪಾದ ಹಾಳೆಯನ್ನು ಹರಿದು ಎಸೆದ. ತಮ್ಮನ ನೋಟ್‌ಬುಕ್ಕಿನಿಂದ ಬೇರೆ ಹಾಳೆ ಕಿತ್ತುಕೊಟ್ಟ.

"ಈಗ ಹೇಳಿದ್ದನ್ನೇ ಬರಿ."

ಬರೆದೆ. ಕೆಳಗೆ ಅವನು ಸಹಿ ಹಾಕಿದ.

"ಯಾರಿಗೋಸ್ಕರ ಇಳಿದ್ನೋ ಆ ಅಮೆರಿಕದೋರಿಗೆ ಗೊತ್ತಾಗ್ಲಿ. ಇದನ್ನೇ ಕೊಡ್ಬೇಕು. ನಾನೂ ಬರ್ತೀನಿ."

ಮೂರು ಗಂಟೆಯಾಗಿತ್ತು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಜೀಪು ಹಾರಿತು. ಪಕ್ಕದಲ್ಲಿ ಬೈರಣ್ಣ, ತೊಡೆಯ ಮೇಲೆ ಕುಡುಗೋಲು. ದಾರಿಯುದ್ದಕ್ಕೂ ಒಂದೇ ಮಾತಾಡಿದ. "ನಿನ್ನ ಮನೆ ಕುಂದಾಣದಾಗಲ್ವಾ?"

ಅವನು ಡೀನರ ಕೋಣೆಯ ಕಿಟಕಿಯಾಚೆ ನಿಂತ. ನಾನು ಒಳಗೆ ಹೋಗಿ ಹಾಳೆ ಕೊಟ್ಟೆ. ಡೀನ್ ಪೂರ್ತಿ ಓದಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಎದುರಿಗಿದ್ದ ಪ್ರೊಫೆಸರಿಗೆ ಅದನ್ನು ದಾಟಿಸಿ, ಮನೆಯವರ ಪತ್ರ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಪ್ರೊಫೆಸರ್ ತಮಗೆ ಬಾರದ ಆ ಕನ್ನಡ ಅಕ್ಷರಗಳನ್ನು ನೋಡಿದರು. ಬೈರಣ್ಣನ ಸಹಿಯ ಮೇಲೆ ಬೆರಳಾಡಿಸಿದರು. ಒಂದು ನಿಮಿಷ ತಲೆ ತಗ್ಗಿಸಿ ಕೂತರು. ಆಮೇಲೆ ಒಪ್ಪಂದಕ್ಕೆ ಸಹಿ ಹಾಕಿದರು.

ಕಿಟಕಿಯಾಚೆ ಬೈರಣ್ಣ ಆ ತಗ್ಗಿದ ತಲೆಯನ್ನು ನೋಡಿದ. ಟವೆಲಿನಿಂದ ಕಣ್ಣೊರೆಸಿಕೊಂಡು ಹೊರಟುಹೋದ.

"ಸಾರ್, ಅದರಲ್ಲಿ..." ಅಂದೆ.

"ಅವರಿಗೆ ಬೇಕಾದ್ದು ಕಾಗದ ಕಣಪ್ಪಾ" ಅಂದರು ಡೀನ್, ನಗುಮುಖದಲ್ಲೇ. "ಓದೋಕಲ್ಲ. ಲಗತ್ತಿಸೋಕೆ."

ಹೀಗೆ ನನ್ನ ತಪ್ಪೊಪ್ಪಿಗೆ ಕರಿರಾಗಿಯ ಜೊತೆ ವಿಮಾನ ಹತ್ತಿತು.

ಈಗ ಎಂಟು ವರ್ಷ. ಬೈರಣ್ಣ ಸಿಕ್ಕಾಗಲೆಲ್ಲ ಕೇಳುತ್ತಾನೆ, "ಓದಿ ಏನಂದ್ರಂತೆ?" ತುಂಬಾ ನೊಂದುಕೊಂಡರು ಅನ್ನುತ್ತೇನೆ. ಅವನು ತಲೆಯಾಡಿಸುತ್ತಾನೆ. ಹಿಂದೆಯೇ ಇನ್ನೊಂದು ದನಿ, ತಲೆ ಸುತ್ತುತ್ತಾ ಐತೆ ಅನ್ನುತ್ತದೆ.

ಒಪ್ಪಂದ ಚೆನ್ನಾಗಿ ಬೆಳೆದಿದೆ. ಅಲ್ಲಿ ಕನ್ನಡ ಕಲಿಸಲು ಒಬ್ಬರನ್ನು ಕಳಿಸಿ ಎಂದು ಈ ವರ್ಷ ಪತ್ರ ಬಂದಿದೆ. ನನ್ನ ಹಾಳೆ ಅಲ್ಲಿನ ಫೈಲಿನಲ್ಲೇ ಇದೆ. ಹುಡುಕುವ ಕೆಲಸ ನನ್ನದೇ.

ಇನ್ನೂ ಯಾರೂ ಸಿಕ್ಕಿಲ್ಲ.