ಕಾಲು ಕೊಯ್ದ ಮಂಚ

ಸುಣ್ಣದ ಭಟ್ಟಿಯ ಯಜಮಾನ ನಿದ್ದೆಯಲ್ಲೇ ಸತ್ತಿದ್ದ. ಅವನ ಮಂಚದ ಕೆಳಗೆ ಬೆಕ್ಕೂ ಸತ್ತು ಬಿದ್ದಿತ್ತು. ಮುದುಕನೊಬ್ಬನೇ ಹೋಗಿದ್ದರೆ ಆಯುಸ್ಸು ತೀರಿತು ಎಂದು ಜನ ಸುಮ್ಮನಾಗುತ್ತಿದ್ದರು. ಬೆಕ್ಕೂ ಹೋದದ್ದರಿಂದ ಎಲ್ಲರ ಕಣ್ಣು ಹಾಲಿನ ಲೋಟದ ಮೇಲೆ ಬಿತ್ತು. ಹಾಲು ಕೊಟ್ಟವಳು ಸೊಸೆ. ಮುದುಕ ಕುಡಿದು ಉಳಿಸಿದ್ದು ದಿನವೂ ಬೆಕ್ಕಿಗೆ.

"ಅಪ್ಪನಿಗೂ ಇವಳಿಗೂ ಎಣ್ಣೆ ಸೀಗೇಕಾಯಿ ಸಾರ್," ಎಂದು ಇನ್ಸ್‌ಪೆಕ್ಟರಿಗೆ ಹೇಳಿದವನು ಬೇರೆ ಯಾರೂ ಅಲ್ಲ, ಅವಳ ಗಂಡ. "ಹೇಳಬಾರದು. ಆದ್ರೂ ಹೆತ್ತಪ್ಪ ಅಲ್ವಾ."

ಸಂಜೆಯೊಳಗೆ ಅವಳನ್ನು ಠಾಣೆಗೆ ಒಯ್ಯುವುದೆಂದು ತೀರ್ಮಾನವಾಯಿತು. ಊರಿನ ಆಸ್ಪತ್ರೆಯ ಕಾಂಪೌಂಡರಿಗೆ ಇದನ್ನು ತಡೆಯಲಾಗಲಿಲ್ಲ. ಮಾವನ ಮಂಡಿಗೆ ಮುಲಾಮು ಬೇಕೆಂದು ಅವಳು ಸುಡುಬಿಸಿಲಲ್ಲಿ ಆಸ್ಪತ್ರೆಗೆ ನಡೆದು ಬರುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಅವನು ಓಡಿಹೋಗಿ ತನ್ನ ಗೆಳೆಯರೊಬ್ಬರನ್ನು ಕರೆತಂದ. ಅವರು ಹಿಂದೆ ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಈಗ ಊರಿನ ಪತ್ತೇದಾರರು. ಉದ್ದ ಕತ್ತಿನ ಅವರನ್ನು ಊರು ಎದುರಿಗೆ ಮೇಷ್ಟ್ರೇ ಎನ್ನುತ್ತಿತ್ತು, ಬೆನ್ನ ಹಿಂದೆ ಕೊಕ್ಕರೆ ಎನ್ನುತ್ತಿತ್ತು.

"ವಿಷ ಹಾಕೋಳು ಮುಲಾಮು ಯಾಕೆ ಕೇಳ್ತಾಳೆ ಮೇಷ್ಟ್ರೇ?"

"ಕೇಳ್ತಾಳೆ. ಕೊಲ್ಲೋರು ತುಂಬಾ ಉಪಚಾರ ಮಾಡ್ತಾರೆ," ಎಂದರು ಮೇಷ್ಟ್ರು. ಕಾಂಪೌಂಡರಿಗೆ ಆ ಮಾತು ಹಿಡಿಸಲಿಲ್ಲ.

ಮುದುಕನ ಕೋಣೆ ಭಟ್ಟಿಯ ಗೋಡೆಗೆ ಅಂಟಿಕೊಂಡಿತ್ತು. ಮೆಟ್ಟಿಲಿಳಿದು ಹೋಗಬೇಕಾದ ತಗ್ಗಿನ ಕೋಣೆ. ಮಂಡಿಗೆ ಬೆಚ್ಚಗಿರಲೆಂದು ಅವನು ಅಲ್ಲೇ ಮಲಗುತ್ತಿದ್ದ. ಮಂಚದಡಿಯ ಸೊಳ್ಳೆಬತ್ತಿ ಒಂದು ಸುತ್ತೂ ಉರಿಯದೆ ಆರಿತ್ತು. ಎತ್ತರದ ಗೂಡಿನಲ್ಲಿದ್ದ ದೀಪ ಮಾತ್ರ ಎಣ್ಣೆ ತೀರುವವರೆಗೂ ಉರಿದಿತ್ತು. ಮಂಚದ ಹಿಂದೆ, ಗೋಡೆಯ ಬುಡದಲ್ಲಿ, ಒಂದು ಇಟ್ಟಿಗೆಯ ಸುತ್ತಲಿನ ಸುಣ್ಣದ ಗಾರೆಗೆ ಮೇಷ್ಟ್ರು ಉಗುರು ಒತ್ತಿದರು. ಉಗುರು ಒಳಗಿಳಿಯಿತು.

"ಮಂಚ ಯಾಕಪ್ಪ ಇಷ್ಟು ಕುಳ್ಳಗಿದೆ?"

"ಅಪ್ಪನಿಗೆ ಹತ್ತೋಕೆ ಕಷ್ಟ ಅಂತ ಹೋದ ವಾರ ನಾನೇ ಕಾಲು ಕೊಯ್ದೆ," ಎಂದು ಮಗ ಕಣ್ಣೊರೆಸಿಕೊಂಡ. ಬೆಳಿಗ್ಗೆ ಮೊದಲು ಬಾಗಿಲು ತೆರೆದು ಹೆಣ ಕಂಡವನೂ ಅವನೇ.

ಮಂಚದ ಮಾತು ನಿಜವೇ. ಮಗ ಅಂದರೆ ಹೀಗಿರಬೇಕು ಎಂದು ಮುದುಕ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅದೇ ಉಸಿರಿನಲ್ಲಿ ಕಾಂಪೌಂಡರಿಗೆ ಇನ್ನೊಂದನ್ನೂ ಹೇಳಿದ್ದ: "ಸಿಮೆಂಟ್ ಕಂಪನಿಯೋರು ನನ್ನ ಸುಣ್ಣಕಲ್ಲಿನ ಗುಡ್ಡ ಕೇಳ್ತಿದ್ದಾರೆ. ನನ್ನ ಕಲ್ಲು ಗಾಜಿಗೆ ಹೋಗುತ್ತೆ, ಕಾಗದಕ್ಕೆ ಹೋಗುತ್ತೆ, ಸಕ್ಕರೆ ಬಿಳಿ ಮಾಡುತ್ತೆ, ನಿನ್ನ ಹಲ್ಲುಪುಡೀಲೂ ಇದೆ. ನಾನು ಸಾಯೋತನಕ ಮಾರಲ್ಲ."

ಭಟ್ಟಿಯ ಆಳು ತಲೆ ಕೆರೆದುಕೊಂಡ. "ನಿನ್ನೆ ರಾತ್ರಿ ಬೆಂಕಿ ಮಂಕಾಗಿತ್ತು ಸಾರ್. ಬೆಳಿಗ್ಗೆ ನೋಡಿದ್ರೆ ಭಟ್ಟಿ ಬಾಯಿ ಮೇಲೆ ತಗಡು. ಗಾಳಿಗೆ ಬಿದ್ದಿರ್ಬೇಕು ಅಂದ್ಕೊಂಡೆ."

ಮೇಷ್ಟ್ರು ಕಾಂಪೌಂಡರನ ಕಿವಿಯಲ್ಲಿ ಏನೋ ಹೇಳಿದರು. ಮಧ್ಯಾಹ್ನ ಎಲ್ಲರನ್ನೂ ಅದೇ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ನೆಲದ ಮೇಲೆ ಚಾಪೆ ಹಾಸಿದರು. ಪಕ್ಕದಲ್ಲಿ ಭಟ್ಟಿ ಉರಿಯುತ್ತಿತ್ತು. ಮಂಚದ ಹಿಂದಿನ ಆ ಇಟ್ಟಿಗೆ ಈಗ ಇರಲಿಲ್ಲ. ಅಲ್ಲೊಂದು ಕಪ್ಪು ತೂತು ಕಾಣುತ್ತಿತ್ತು. ಇನ್ಸ್‌ಪೆಕ್ಟರ್ ಕೂತರು, ಆಳು ಕೂತ, ಸೊಸೆ ಸೆರಗು ಹೊದ್ದು ಮೂಲೆಯಲ್ಲಿ ಕೂತಳು. ಮಗ ಮಾತ್ರ ಕೂರಲಿಲ್ಲ.

"ಕೂತ್ಕೊಳ್ಳಪ್ಪ."

"ಬೇಡ ಸಾರ್, ಮಂಡಿ ನೋವು."

"ಸರಿ, ನಿಂತೇ ಕೇಳು. ಈ ಸುಣ್ಣಕಲ್ಲಿನ ಮೇಲೆ ಹುಳಿ ಹಿಂಡಿದ್ರೆ ನೊರೆ ಬರುತ್ತೆ. ಆ ನೊರೆಯೊಳಗಿನ ಗಾಳೀನೇ ಕಲ್ಲು ಸುಟ್ಟಾಗಲೂ ಹೊರಡೋದು. ಬಣ್ಣ ಇಲ್ಲ, ವಾಸನೆ ಇಲ್ಲ. ತಣ್ಣಗಾದ್ರೆ ತಗ್ಗಿಗಿಳಿದು ನೀರಿನ ಹಾಗೆ ನಿಲ್ಲುತ್ತೆ. ಅದರಲ್ಲಿ ಬೆಂಕೀನೂ ಆರುತ್ತೆ, ಉಸಿರೂ ಆರುತ್ತೆ. ನಿನ್ನೆ ಯಾರೋ ಈ ಇಟ್ಟಿಗೆ ಕಿತ್ತಿಟ್ಟು, ರಾತ್ರಿ ಭಟ್ಟಿ ಬಾಯಿಗೆ ತಗಡು ಮುಚ್ಚಿದ್ರಿಂದ ಅದು ಈ ತೂತಲ್ಲಿ ನುಗ್ತು. ಸೊಳ್ಳೆಬತ್ತಿ ಮುಳುಗ್ತು, ಬೆಕ್ಕು ಮುಳುಗ್ತು. ಎತ್ತರದ ದೀಪ ಉಳೀತು. ಮಂಚಕ್ಕೆ ಹಳೇ ಕಾಲು ಇದ್ದಿದ್ರೆ ಮುದುಕನೂ ಉಳೀತಿದ್ದ. ಬೆಳಿಗ್ಗೆ ಬಾಗಿಲು ತೆರೆದೋನು ಇಟ್ಟಿಗೆ ಇಟ್ಟು ಗಾರೆ ಮೆತ್ತಿದ. ಗಾರೆ ಆ ಗಾಳೀನ ವಾಪಸ್ ಕುಡಿದು ನಿಧಾನಕ್ಕೆ ಕಲ್ಲಾಗುತ್ತೆ. ಇದು ಇನ್ನೂ ಬೆಣ್ಣೆ ಹಾಗಿತ್ತು."

ಇನ್ಸ್‌ಪೆಕ್ಟರ್ ತೂತು ನೋಡಿ ದಡಬಡನೆ ಏಳಹೊರಟರು.

"ಕೂತ್ಕೊಳ್ಳಿ. ಮಂಚದಡಿ ಹೊಸ ಸೊಳ್ಳೆಬತ್ತಿ ಹಚ್ಚಿಟ್ಟಿದ್ದೀನಿ, ಉರೀತಾನೇ ಇದೆ. ತೂತಿನೊಳಗೆ ಕಾಂಪೌಂಡರ್ ಹಸಿಮಣ್ಣು ತುಂಬಿದ್ದಾರೆ. ತೂತು ನೋಡಿ ಹೆದರಬೇಕು ಅಂತ ನಿಮಗ್ಯಾರಿಗೂ ಮೊದಲು ಹೊಳೀಲಿಲ್ಲ. ಒಬ್ಬನಿಗೆ ಮಾತ್ರ ಹೊಳೀತು."

ಮಗ ಗೋಡೆಗೆ ಒರಗಿದ. "ಸಾಯೋತನಕ ಮಾರಲ್ಲ ಅಂದ್ರು. ಸಾಯ್ತಾನೇ ಇರ್ಲಿಲ್ಲ."

ಸೊಸೆ ಅಳಲಿಲ್ಲ. ಚಾಪೆಯ ಮೇಲಿಂದಲೇ ತಲೆಯೆತ್ತಿ ಗಂಡನನ್ನು ನೋಡಿದಳು.

"ನಾನು ಕೂತ್ಕೊಳ್ಳೋದನ್ನ ನೀವು ನೋಡಿದ್ರಿ. ಏಳು ಅಂತ ಒಂದು ಮಾತು ಹೇಳ್ಲಿಲ್ವಲ್ಲ."

ಇನ್ಸ್‌ಪೆಕ್ಟರ್ ತೋಳು ಹಿಡಿದು ಎಳೆದಾಗ, ಮಂಡಿ ನೋವಿನ ಆ ಮನುಷ್ಯ ಎರಡೆರಡು ಮೆಟ್ಟಿಲು ದಾಟಿ ಮೇಲೆ ಹತ್ತಿದ.