ಲಿಂಕಿಗಂಟಿದ ಬಾಲ

ಏಳನೇ ಕೋಣೆಯ ಬಾಗಿಲು ಕೀಲು ಕಿತ್ತು ಒಳಗೆ ಬಿದ್ದಿತ್ತು. ಬಾಗಿಲ ಮೇಲೆ ಅಕ್ಕ ಬಿದ್ದಿದ್ದಳು. ತಲೆಯ ಕೆಳಗೆ ರಕ್ತ. ಪಕ್ಕದಲ್ಲಿ ಮಡಿಸಿದ ಮೂರು ಹಾಳೆ.

ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರನ್ನು ಬಚ್ಚಿಟ್ಟು ಕಾಯುವ ಮನೆ ಅದು. ಬಾಗಿಲಿಗೆ ಫಲಕವಿಲ್ಲ, ಗೋಡೆಗೆ ನಂಬರಿಲ್ಲ. ಗಾಳಿಯೂ ಅಲ್ಲಿಗೆ ದಾರಿ ಕೇಳಿಕೊಂಡೇ ಬರಬೇಕು. ಅಂಥಲ್ಲಿಗೆ ಭಾವ ಹಾಡುಹಗಲಲ್ಲಿ ನೆಟ್ಟಗೆ ನಡೆದು ಬಂದಿದ್ದ! ಓಡುವಾಗ ಫೋನನ್ನು ಕಾಲುವೆಗೆ ಎಸೆದ. ಸಂಜೆಯೊಳಗೆ ಸಿಕ್ಕಿಬಿದ್ದ. ದಾರಿ ಹೇಳಿದ್ದು ಯಾರು ಎಂದರೆ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತ.

ದಾರಿ ಆ ಮೂರು ಹಾಳೆಯಲ್ಲೇ ಇತ್ತು. ಒಳಗಿರುವವರನ್ನು ನೋಡಲು ಬರುವ ಮನೆಯವರಿಗಾಗಿ ಮಾಡಿದ ವೆಬ್ ಪುಟದ ಪ್ರಿಂಟು — ಬೀದಿ, ಹಿಂಬಾಗಿಲು, ಕೋಣೆ, ಎಲ್ಲ. ಅಕ್ಕನ ಕೋಣೆಯ ಲಿಂಕ್ ಕೊಟ್ಟಿದ್ದು ಮೂವರಿಗೆ ಮಾತ್ರ. ಅಪ್ಪನಿಗೆ, ತಂಗಿಗೆ, ವಕೀಲರಿಗೆ.

ಆಸ್ಪತ್ರೆಯ ಪಡಸಾಲೆಯ ಬೆಂಚಿನ ತುದಿಯಲ್ಲಿ ತಂಗಿ ಮುದುಡಿ ಕೂತಿದ್ದಳು. ನಾಳೆಯವರೆಗೆ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಒಂದು ಸಲ ಅಕ್ಕನ ಕೈ ಹಿಡಿದರೆ ಸಾಕಿತ್ತು ಅವಳಿಗೆ. ಆದರೆ ಅಪ್ಪ ನರ್ಸಿಗೆ ಕಟ್ಟಪ್ಪಣೆ ಮಾಡಿದ್ದ — ಇವಳನ್ನು ಒಳಗೆ ಬಿಡಕೂಡದು.

"ಇವಳೇ ಮೇಡಂ! ಇವಳ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ," ಅಂದ ಅಪ್ಪ.

ಬಂದಿದ್ದವರು ಇನ್ಸ್‌ಪೆಕ್ಟರಮ್ಮ. ಅವರು ದಿಟ್ಟಿಸಿದರೆ ಬೀಗವೇ ಕೀಲಿಕೈ ಹುಡುಕಿಕೊಂಡು ಹೋಗುತ್ತದೆ ಎಂದು ಠಾಣೆಯಲ್ಲಿ ಮಾತಿತ್ತು.

"ನೀನು ಕಳ್ಸಿದ್ಯೇನಮ್ಮ?"

"ಇಲ್ಲ ಮೇಡಂ. ಅಕ್ಕನ ಮೇಲಾಣೆ!"

"ಆಣೆ ತಗೊಂಡ್ ನಾನೇನ್ ಮಾಡ್ಲಿ? ಫೋನ್ ಕೊಡು."

ಫೋನಿನಲ್ಲಿ ಏನೂ ಸಿಗಲಿಲ್ಲ.

"ಅಳಿಸಿ ಹಾಕಿರ್ತಾಳೆ," ಅಂದ ಅಪ್ಪ. "ಹೋದ ವಾರ ಅವನ ಜೊತೆ ಮಾತಾಡಿದಾಳೆ. ಇಲ್ಲಿದೆ ನೋಡಿ, ಅವಳೇ ಬರ್ದಿದ್ದು."

ತನ್ನ ಫೋನ್ ಮುಂದೆ ಹಿಡಿದ. ಬೆರಳಲ್ಲಿ ಮೇಲೆ ತಳ್ಳಿದ, ಮತ್ತೆ ತಳ್ಳಿದ, ಮತ್ತೂ ಒಮ್ಮೆ ತಳ್ಳಿದ. 'ಭಾವ ಫೋನ್ ಮಾಡಿದ್ದ. ಅಕ್ಕ ಎಲ್ಲಿ ಅಂತ ಕೇಳಿದ. ಬೈದು ಇಟ್ಟೆ.'

"ಬೈದೆ ಅಂತಾನೇ ಇದೆಯಲ್ಲಪ್ಪಾ!" ತಂಗಿ ಅತ್ತಳು.

ಇನ್ಸ್‌ಪೆಕ್ಟರಮ್ಮ ಅಪ್ಪನ ಬೆರಳನ್ನೇ ನೋಡಿದರು. ಎದ್ದು ಹೋದರು.

ಬೆಳಿಗ್ಗೆ ವಕೀಲರನ್ನೂ ಕರೆಸಿಕೊಂಡು ಅದೇ ಬೆಂಚಿನ ಮುಂದೆ ನಿಂತರು. ಕೈಯಲ್ಲಿ ಆ ಮೂರು ಹಾಳೆ.

"ಪ್ರಿಂಟ್ ಅಂಗಡಿಯೋನನ್ನ ಹಿಡಿದೆ. ಲಿಂಕ್ ಒತ್ತಿದ್ದಷ್ಟೇ ಅವನು. ಒಂದು ಹಾಳೆಗೆ ಆಗೋದಕ್ಕೆ ಮೂರು ಹಾಳೆ ಬಂತಂತೆ. ಅಕ್ಷರ ಯಾಕೋ ಇಷ್ಟು ದಪ್ಪ ಅಂತ ಅಳಿಯ ಅವನ ಮೇಲೇ ಹಾರಾಡಿದನಂತೆ. ಅಂದ್ರೆ ದಪ್ಪ ಮಾಡಿದ್ದು ಅಂಗಡಿಯೋನೂ ಅಲ್ಲ, ಅಳಿಯನೂ ಅಲ್ಲ. ಮತ್ಯಾರು?"

ಹಾಳೆಯ ಬುಡಕ್ಕೆ ಬೆರಳಿಟ್ಟು ತೋರಿಸಿದರು.

"ಎಲ್ರೂ ನಕ್ಷೆ ನೋಡಿದ್ರು. ಹಾಳೆ ಬುಡದಲ್ಲಿ ಇರುವೆ ಸಾಲಿನ ಹಾಗೆ ಲಿಂಕ್ ಅಚ್ಚಾಗಿದೆ, ಅದನ್ನ ಯಾರೂ ನೋಡ್ಲಿಲ್ಲ. ಪ್ರಶ್ನೆ ಚಿಹ್ನೆ ಇದೆಯಲ್ಲ, ಅದರ ಮುಂದಿಂದೆಲ್ಲ ಬಾಲ. ಪುಟದಲ್ಲಿ ನಾವು ಭಾಷೆ, ಅಕ್ಷರದ ಗಾತ್ರ ಅಂತ ಏನು ಆರಿಸ್ತೀವೋ ಅದು ಬಾಲಕ್ಕೆ ಅಂಟ್ಕೊಳತ್ತೆ. ಆ ಲಿಂಕನ್ನ ಹಾಗೇ ಇನ್ನೊಬ್ಬರಿಗೆ ಕಳ್ಸಿದ್ರೆ ಬಾಲಾನೂ ಹೋಗತ್ತೆ. ಕತ್ತರಿಸಿ ಕಳ್ಸಬೇಕು. ಯಾರು ಕತ್ತರಿಸ್ತಾರೆ?"

"ಕಳ್ಸಿದೋರ ಹೆಸರು ಇರತ್ತಾ ಅದರಲ್ಲಿ?" ವಕೀಲರು ಕೇಳಿದರು.

"ಇಲ್ಲ ಸ್ವಾಮಿ. ಹೆಸರು ಅಂಟದ ಹಾಗೆ ಮಾಡಿದಾರೆ. ಆದ್ರೆ ಅಭ್ಯಾಸ ಅಂಟತ್ತೆ! ಮೂವರೂ ಪುಟ ತೆಗೀರಿ."

ವಕೀಲರ ಲಿಂಕಿನ ಬಾಲ: ಕೋಣೆ=7&ಭಾಷೆ=ಇಂಗ್ಲಿಷ್.

ತಂಗಿ ತನ್ನದನ್ನು ತೋರಿಸಿದಳು. ಕೋಣೆ=7. ಅಷ್ಟೇ. ಮೋಟು ಬಾಲ.

"ಹಾಳೇಲಿರೋದನ್ನ ಓದಮ್ಮ."

"ಕೋಣೆ ಏಳು... ಅಕ್ಷರ... ದೊಡ್ಡದು." ತಂಗಿ ಅಪ್ಪನ ಕಡೆ ತಿರುಗಿದಳು.

"ಈಗ ನೀವು, ಯಜಮಾನ್ರೇ."

"ಕನ್ನಡಕ ತಂದಿಲ್ಲ ಮೇಡಂ."

"ಕನ್ನಡಕ ಯಾಕೆ? ಮೂರು ಮಾತಿನ ಸಂದೇಶ ತೋರ್ಸೋಕೆ ನಿನ್ನೆ ಮೂರು ಸಲ ಬೆರಳು ತಳ್ಳಿದ್ರಿ. ನಿಮ್ಮ ಫೋನಲ್ಲಿ ಒಂದೊಂದು ಅಕ್ಷರಾನೂ ಕುಂಬಳಕಾಯಿ ಗಾತ್ರ. ತೆಗೀರಿ."

ಅಪ್ಪ ಬೆರಳು ಒತ್ತಿದ. ಪುಟ ತೆರೆಯಿತು. ಪರದೆ ತುಂಬ ನಾಲ್ಕೇ ಪದ. ಮೇಲೆ ಅದೇ ಬಾಲ.

"ಫೋನಲ್ಲಿ ಅಳ್ತಿದ್ದ," ಅಂದ ಅಪ್ಪ, ನೆಲ ನೋಡುತ್ತ. "ಕಾಲಿಗೆ ಬಿದ್ದು ಕರ್ಕೊಂಡ್ ಬರ್ತೀನಿ ಮಾವ ಅಂದ. ಮಗಳು ಎಲ್ಲಿ ಎಲ್ಲಿ ಅಂತ ಕೇಳೋರಿಗೆ ಎಷ್ಟು ದಿನ ಸುಳ್ಳು ಹೇಳ್ಲಿ? ಹೀಗಾಗತ್ತೆ ಅಂತ ಗೊತ್ತಿರ್ಲಿಲ್ಲ."

"ಎರಡು ಸಲ ಕೈ ಮುರಿದಿದ್ನಲ್ಲ ಅಪ್ಪ. ಪಟ್ಟಿ ಕಟ್ಟಿಸೋಕೆ ನೀನೇ ಕರ್ಕೊಂಡ್ ಹೋಗಿದ್ದೆ."

ಅಪ್ಪ ಮುಖ ತಿರುಗಿಸಿದ.

"ಹೋಗ್ಲಿ. ನನ್ ತಲೆಗೆ ಯಾಕ್ ಕಟ್ಟಿದೆ?"

ಅಪ್ಪನ ಕೈಯಲ್ಲಿದ್ದ ಪರದೆ ತಾನಾಗಿ ಕಪ್ಪಾಯಿತು. ಇನ್ಸ್‌ಪೆಕ್ಟರಮ್ಮ ಅದನ್ನು ಮೆಲ್ಲಗೆ ಕಿತ್ತುಕೊಂಡು ನರ್ಸಿನ ಕಡೆ ತಿರುಗಿದರು. "ಆ ಹುಡುಗೀನ ಒಳಗೆ ಬಿಡಿ."

ಅಕ್ಕನ ತಲೆಗೆ ಬಿಳಿ ಪಟ್ಟಿ, ಮುಖವೆಲ್ಲ ಊತ. ತಂಗಿ ಅವಳ ಕೈ ಹಿಡಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಬೆರಳು ಅಲುಗಿತು. ಕಣ್ಣು ತೆರೆಯದೆಯೇ ಅಕ್ಕ ಕೇಳಿದಳು:

"ಭಯ ಆಗತ್ತೆ ಕಣೇ... ಅಪ್ಪ ಬಂದ್ರಾ?"

ತಂಗಿ ಕೈ ಬಿಡಿಸಿಕೊಂಡು ಎದ್ದಳು. ಬಾಗಿಲಿಗೆ ಚಿಲಕ ಹಾಕಿ, ಮತ್ತೆ ಬಂದು ಕೂತಳು.

"ನಾನಿದೀನಿ," ಅಂದಳು.